ಮೆಣಸಿನಕಾಯಿ ದರದ ಪಕ್ಕದಲ್ಲೇ ಒಂದು ಸಾಲು

ಸಂಪಾದಕರಿಗೆ,

ಮಾನ್ಯರೇ,

ಇತ್ತೀಚೆಗೆ ತಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಆತಂಕದ ಬಗ್ಗೆ ಬಂದ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಬೆಳಿಗ್ಗೆ ಬೇಗ ಏಳುವುದು, ನಡೆಯುವುದು, ನಿಧಾನವಾಗಿ ಉಸಿರಾಡುವುದು, ಮೊಬೈಲ್ ದೂರವಿಡುವುದು, ಯಾವಾಗಲೂ ಒಳ್ಳೆಯದನ್ನೇ ಯೋಚಿಸುವುದು ಎಂದು ಅದರಲ್ಲಿ ಹೇಳಿದ ಮಾತುಗಳಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದವನ್ನೆಲ್ಲ ನಾನು ಇಂದು ಮಾಡುತ್ತೇನೆ. ಅವುಗಳಿಂದ ನನಗೆ ಉಪಕಾರವೂ ಆಗಿದೆ. ಆದರೂ ಆ ಲೇಖನ ನನಗೆ ಸಮಾಧಾನ ತರಲಿಲ್ಲ. ವೈದ್ಯರ ಮಾತು ಅದರಲ್ಲಿ ಕಟ್ಟಕಡೆಯ ಸಾಲಿನಲ್ಲಿ, ‘ಇಷ್ಟಾಗಿಯೂ ಗುಣ ಕಾಣದಿದ್ದರೆ’ ಎಂಬ ಷರತ್ತಿನೊಂದಿಗೆ ಬಂದಿತ್ತು. ಆ ಸಾಲು ಮೊದಲಿಗೆ ಬರಬೇಕಿತ್ತು ಎಂಬುದೇ ನನ್ನ ತಕರಾರು. ಇದನ್ನು ಓದಿದವನಾಗಿ ಅಲ್ಲ, ಅನುಭವಿಸಿದವನಾಗಿ ಹೇಳುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾದರೆ ಕ್ಷಮೆಯಿರಲಿ.

ನಾನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ 22 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ, ವಯಸ್ಸು 48. ಸೋಮವಾರ ಮತ್ತು ಗುರುವಾರ ನಮ್ಮಲ್ಲಿ ಮಾರುಕಟ್ಟೆಯ ದಿನಗಳು. ಸುಗ್ಗಿಯಲ್ಲಿ ಒಂದೇ ದಿನ ಲಕ್ಷಕ್ಕೂ ಮಿಕ್ಕಿ ಚೀಲ ಬಂದು ಬೀಳುತ್ತವೆ. ಟೆಂಡರ್ ಆಗಿ, ಕಾಟಾದಲ್ಲಿ ತೂಕವಾಗಿ, ರೈತರಿಗೆ ಲೆಕ್ಕದ ಪಟ್ಟಿ ಬರೆದು ಕೊಟ್ಟು ಗಾದಿಯಿಂದ ಏಳುವಷ್ಟರಲ್ಲಿ ನಡುರಾತ್ರಿಯಾಗಿರುತ್ತದೆ. ಆ ದಿನಗಳಲ್ಲಿ ಮಾರುಕಟ್ಟೆಯ ಗಾಳಿಯಲ್ಲೇ ಘಾಟು. ಹೊಸಬರು ಕೆಮ್ಮುತ್ತಾರೆ, ಸೀನುತ್ತಾರೆ, ನಮಗೆ ಅದು ಗೊತ್ತೇ ಆಗುವುದಿಲ್ಲ. ಘಾಟಿನ ಮಾತು ಇಲ್ಲಿ ಎತ್ತಲು ಕಾರಣವಿದೆ. ಎದೆ ಬಿಗಿದು ಉಸಿರು ಕಟ್ಟಿದಂತಾಗುವ ತೊಂದರೆ ನನಗೆ ಶುರುವಾದಾಗ ಮನೆಯವರು, ಅಂಗಡಿಯವರು, ನಾನೂ ಸೇರಿ ಎಲ್ಲರೂ ಅದನ್ನು ಘಾಟಿನ, ಅದಲ್ಲದಿದ್ದರೆ ಗ್ಯಾಸಿನ ತಲೆಗೆ ಕಟ್ಟಿದೆವು. ಅದು ಬರುತ್ತಿದ್ದದ್ದು ಹೆಚ್ಚಾಗಿ ಮಾರುಕಟ್ಟೆ ಇಲ್ಲದ ದಿನ, ಅಂಗಡಿಯಿಂದ ದೂರವಿದ್ದಾಗ ಎಂಬ ಸಣ್ಣ ಲೆಕ್ಕ, ಲೆಕ್ಕ ಬರೆದೇ ಹೊಟ್ಟೆ ಹೊರೆಯುವ ನನಗೆ ಎಂಟು ತಿಂಗಳು ಹೊಳೆಯಲಿಲ್ಲ.

ಮೊದಲ ಸಲ ಅದು ಬಂದದ್ದು 2024ರ ಮೇ ತಿಂಗಳ ಒಂದು ಭಾನುವಾರ. ಹಾವೇರಿಯಲ್ಲಿ ಬೀಗರ ಮನೆಯ ಊಟ ಮುಗಿಸಿ ಬಸ್ಸಿನಲ್ಲಿ ಮರಳುತ್ತಿದ್ದೆ. ಮೋಟೆಬೆನ್ನೂರು ಹತ್ತಿರವಾಗುತ್ತಿದ್ದಂತೆ, ಯಾವ ಕಾರಣವೂ ಇಲ್ಲದೆ, ಎದೆ ಢವಢವ ಹೊಡೆದುಕೊಳ್ಳತೊಡಗಿತು. ಅಂಗೈ ಬೆವತು, ಬೆರಳ ತುದಿಗಳು ಜುಮುಗುಟ್ಟಿ, ತುಟಿಯ ಸುತ್ತ ಮರಗಟ್ಟಿದಂತಾಯಿತು; ಕಣ್ಣ ಮುಂದಿನ ಬಸ್ಸು ನನ್ನಿಂದ ದೂರ ಸರಿದಂತೆ ಕಂಡಿತು. ಇನ್ನೈದು ನಿಮಿಷದಲ್ಲಿ ನಾನು ಸಾಯುತ್ತೇನೆ ಎಂಬುದರಲ್ಲಿ ಆಗ ನನಗೆ ಸಂಶಯವೇ ಇರಲಿಲ್ಲ. ಹೆಂಡತಿಯ ಕೈ ಹಿಡಿದುಕೊಂಡು, ಅಂಗಡಿಯ ತಿಜೋರಿಯ ಕೀಲಿ ಎಲ್ಲಿಟ್ಟಿದ್ದೇನೆಂದು ಹೇಳಿದೆನಂತೆ. ಬ್ಯಾಡಗಿಯ ನಿಲ್ದಾಣದಲ್ಲಿ ಇಳಿದು, ಸೋಡಾ ಕುಡಿದು, ಕಟ್ಟೆಯ ಮೇಲೆ ಅರ್ಧ ತಾಸು ಕುಳಿತ ಮೇಲೆ ಎಲ್ಲ ತಾನಾಗಿ ಇಳಿಯಿತು. ಗ್ಯಾಸ್ ಎಂದು ತೀರ್ಮಾನವಾಯಿತು.

ಅದೇ ವರ್ಷದ ಮಾರ್ಚ್ 11ರಂದು ನಮ್ಮ ಮಾರುಕಟ್ಟೆಯಲ್ಲಿ ನಡೆದದ್ದು ಓದುಗರಿಗೆ ನೆನಪಿರಬಹುದು. ದರ ಕುಸಿದು ಕೆರಳಿದ ಜನ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟ ದಿನ ಅದು. ಅಂದು ನಾನು ದಿನದ ಲೆಕ್ಕ ಬರೆಯುವ ಕಿರ್ದಿ ಪುಸ್ತಕಗಳನ್ನು ಗೋಣಿಚೀಲದಲ್ಲಿ ತುಂಬಿ ಅಂಗಡಿಯ ಹಿಂಬಾಗಿಲಿನಿಂದ ಹೊರಗೆ ಸಾಗಿಸಿದೆ. ಹೆದರಿಕೆಯಾಗಿತ್ತು, ಆದರೆ ಕೈಕಾಲು ಮಾತು ಕೇಳುತ್ತಿದ್ದವು, ರಾತ್ರಿ ಉಂಡು ಮಲಗಿದೆ. ಹೆದರಬೇಕಾದ ದಿನ ಅಷ್ಟು ಗಟ್ಟಿಯಾಗಿದ್ದವನು, ಎರಡು ತಿಂಗಳ ನಂತರ ಬಸ್ಸಿನ ಕಿಟಕಿಯ ಪಕ್ಕ ಸುಮ್ಮನೆ ಕುಳಿತಾಗ ಕುಸಿದದ್ದೇಕೆ? ಎದುರಿಗೆ ಅಪಾಯವಿದ್ದಾಗ ಹುಟ್ಟುವ ಭಯ ಮನುಷ್ಯನನ್ನು ಕಾಯುತ್ತದೆ, ಅಪಾಯ ಹೋದ ಮೇಲೆ ತಾನೂ ಹೋಗುತ್ತದೆ. ಅಪಾಯವಿಲ್ಲದಾಗಲೂ ಏಳುವ, ಎದ್ದದ್ದು ಇಳಿದರೂ ‘ಮತ್ತೆ ಯಾವಾಗ’ ಎಂಬ ಅಂಜಿಕೆಯನ್ನು ಹಿಂದೆ ಬಿಟ್ಟುಹೋಗುವ, ಆ ಅಂಜಿಕೆಯಿಂದಲೇ ದಿನದ ಕೆಲಸಗಳನ್ನು ಒಂದೊಂದಾಗಿ ಕಿತ್ತುಕೊಳ್ಳುವ ಭಯವೇ ಬೇರೆ. ಅದಕ್ಕೆ ಕಾಯಿಲೆ ಎಂದು ಹೆಸರಿದೆ, ಚಿಕಿತ್ಸೆಯೂ ಇದೆ. ನಮ್ಮ ಭಾಗದ ಆಡುಮಾತಿನಲ್ಲಿ ಮಾತ್ರ ಈ ಎರಡಕ್ಕೂ ಬೇರೆ ಬೇರೆ ಪದವಿಲ್ಲ. ‘ಕಾಳಜಿ’ ಎಂಬ ಒಂದೇ ಶಬ್ದದಲ್ಲಿ ನಾವು ಆರೈಕೆಯನ್ನೂ ಚಿಂತೆಯನ್ನೂ ಹೇಳಿಬಿಡುತ್ತೇವೆ. ‘ಕಾಳಜಿ ಮಾಡಬ್ಯಾಡ್ರಿ’ ಎಂದು ನನಗೆ ಆ ವರ್ಷ ಹೇಳದವರಿಲ್ಲ.

ಹಾವೇರಿಯಲ್ಲಿ ಇಸಿಜಿ ಆಯಿತು. ಎರಡನೆಯ, ಮೂರನೆಯ ಸಲ ಹೀಗಾದ ಮೇಲೆ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೃದಯ ನೋಡುವ ಎಕೋ, ಟಿಎಂಟಿ, ಥೈರಾಯ್ಡ್ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ಆದವು. ಈ ಪರೀಕ್ಷೆಗಳನ್ನು ನಾನು ದೂರುತ್ತಿಲ್ಲ. ಐವತ್ತರ ಹತ್ತಿರದವನಿಗೆ ಎದೆ ಹಿಡಿದುಕೊಂಡರೆ ಮೊದಲು ಹೃದಯವನ್ನೇ ನೋಡಬೇಕು; ಥೈರಾಯ್ಡ್ ಹೆಚ್ಚಾದರೂ ಇದೇ ಬಗೆಯ ಎದೆಬಡಿತ, ನಡುಕ, ಬೆವರು ಬರುತ್ತವೆ; ಅವನ್ನು ನೋಡದೆ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವುದು ಇನ್ನೊಂದು ತಪ್ಪು. ನನ್ನ ದೂರು ಇರುವುದು ಪರೀಕ್ಷೆಗಳೆಲ್ಲ ಮುಗಿದ ಮೇಲೆ ಕೇಳಿಬಂದ ಎರಡು ಶಬ್ದಗಳ ಬಗ್ಗೆ: ‘ಏನೂ ಇಲ್ಲ.’ ವರದಿಗಳನ್ನು ಮಗುಚಿ ಹಾಕಿ, ‘ಏನೂ ಇಲ್ಲ, ಟೆನ್ಶನ್ ಮಾಡ್ಕೋಬ್ಯಾಡ್ರಿ, ವಾಕಿಂಗ್ ಮಾಡ್ರಿ’ ಎಂದು ವೈದ್ಯರು ಎದ್ದರು. ನನ್ನ ಹೆಂಡತಿ ಮಾತ್ರ ಬಾಗಿಲಲ್ಲಿ ತಡೆದು ಕೇಳಿದಳು: ‘ಏನೂ ಇಲ್ಲಂದ್ರ ಇವರು ರಾತ್ರಿ ಎರಡಕ್ಕ ಎದ್ದು ಯಾಕ ಕೂಡ್ತಾರ್ರಿ?’ ಅದಕ್ಕೆ ಉತ್ತರ ಸಿಗಲಿಲ್ಲ. ಹೃದಯದಲ್ಲಿ ಏನೂ ಇಲ್ಲ, ಆದರೆ ತೊಂದರೆ ನಿಜ, ಇದಕ್ಕೆ ಇಂಥಲ್ಲಿಗೆ ಹೋಗಿ ಎಂಬ ಇನ್ನೊಂದು ವಾಕ್ಯವನ್ನು ಅವರು ಸೇರಿಸಿದ್ದರೆ ನನ್ನ ಆರು ತಿಂಗಳು ಉಳಿಯುತ್ತಿದ್ದವು.

ಏನೂ ಇಲ್ಲ ಎಂದಮೇಲೆ ಏನಾದರೂ ಮಾಡಲೇಬೇಕಲ್ಲ. ಗ್ಯಾಸಿನ ಮಾತ್ರೆ ಖಾಲಿ ಹೊಟ್ಟೆಗೆ ನಿತ್ಯದ ವ್ರತವಾಯಿತು. ಅತ್ತೆಯವರು ದೃಷ್ಟಿ ತೆಗೆದರು. ಶನಿವಾರಗಳಂದು ಕದರಮಂಡಲಗಿಯ ಕಾಂತೇಶನ ಗುಡಿಗೆ ಹೋಗಿ ಬಂದೆವು. ಅದನ್ನು ನಾನು ಹಗುರವಾಗಿ ಹೇಳುತ್ತಿಲ್ಲ, ಗುಡಿಯ ಕಂಬಕ್ಕೆ ಒರಗಿ ಕುಳಿತ ಆ ಒಂದು ತಾಸು ನಿಜಕ್ಕೂ ಹಗುರವಾಗುತ್ತಿತ್ತು, ಇಂದಿಗೂ ಹೋಗುತ್ತೇನೆ. ಗೆಳೆಯರೊಬ್ಬರು ಎರಡು ಪೆಗ್‌ನಲ್ಲಿ ಎಲ್ಲ ಸರಿಹೋಗುತ್ತದೆ ಎಂದರು. ಆ ರಾತ್ರಿ ನಿದ್ದೆ ಬಂತು, ಆದರೆ ನಸುಕಿನ ನಾಲ್ಕಕ್ಕೆ ಎದೆಬಡಿತ ಹಿಂದಿಗಿಂತ ಜೋರಾಗಿ ಎಬ್ಬಿಸಿತು. ಮದ್ಯದ ಮಂಪರು ಇಳಿಯುವಾಗ ನರಗಳ ಉದ್ರೇಕ ಮೊದಲಿಗಿಂತ ಮೇಲೇರುತ್ತದೆ ಎಂದು ಆಮೇಲೆ ತಿಳಿಯಿತು.

ಇನ್ನು ನಡಿಗೆಯ ಮಾತು. ತಮ್ಮ ಲೇಖನಕ್ಕೆ ನನ್ನ ಉತ್ತರ ಇರುವುದು ಇಲ್ಲಿಯೇ. ವೈದ್ಯರು ಹೇಳಿದರೆಂದು ನಾನು ಬೆಳಿಗ್ಗೆ ನಡೆಯಲು ಹೊರಟೆ. ನಡೆದರೆ ಎದೆಬಡಿತ ಏರುವುದು ಸಹಜ, ಆದರೆ ಏರಿದ ಎದೆಬಡಿತವೇ ನನಗೆ ಸಾವಿನ ಗುರುತಾಗಿತ್ತು. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟುಕೊಂಡು, ಎಣಿಸುತ್ತ, ಮನೆಗಳ ಕಟ್ಟೆಗಳನ್ನು ಕುಸಿದರೆ ಕೂರಲು ಬೇಕೆಂದು ಗುರುತಿಸಿಕೊಳ್ಳುತ್ತ ನಡೆಯುತ್ತಿದ್ದೆ. ಐದನೆಯ ದಿನ ಅರ್ಧ ದಾರಿಯಿಂದ ಆಟೋದಲ್ಲಿ ಮರಳಿದೆ; ಮತ್ತೆ ಹೋಗಲಿಲ್ಲ. ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನವಿಡಿ ಎಂದರು. ಕಣ್ಣು ಮುಚ್ಚಿದರೆ ಕಿವಿಯಲ್ಲಿ ಎದೆಬಡಿತ ಬಿಟ್ಟು ಬೇರೆ ಕೇಳಿಸುತ್ತಿರಲಿಲ್ಲ. ಒಳ್ಳೆಯದನ್ನೇ ಯೋಚಿಸಿ ಎಂದರು. ಬೇಡದ ಯೋಚನೆಯನ್ನು ತಳ್ಳಿದಷ್ಟೂ ಅದು ಬಾಗಿಲು ಬಡಿಯಿತು. ಹೀಗೆ ಎಲ್ಲರಿಗೂ ಸುಲಭವಾದದ್ದು ನನ್ನ ಕೈಯಲ್ಲಿ ಮಾತ್ರ ಆಗುತ್ತಿಲ್ಲ, ನಾನೇ ಹೇಡಿ, ನನಗೇ ಮನೋಬಲವಿಲ್ಲ ಎಂಬ ಹೊಸ ಚಿಂತೆಯೊಂದು ಹಳೆಯದರ ಮೇಲೆ ಕೂತಿತು. ಕಾಯಿಲೆ ಏನೆಂದು ತಿಳಿಸದೆ, ದೇಹದಲ್ಲಿ ಆಗುತ್ತಿರುವುದನ್ನು ವಿವರಿಸದೆ, ಜೀವನಶೈಲಿಯ ಸಲಹೆಯನ್ನಷ್ಟೇ ಕೊಡುವುದರಿಂದ ಹೀಗೂ ಆಗುತ್ತದೆ.

ಅಷ್ಟರಲ್ಲಿ ನಾನು ಬಿಟ್ಟವುಗಳ ಪಟ್ಟಿ ಬೆಳೆದಿತ್ತು. ಮೊದಲು ದೂರದ ಬಸ್ಸು ಬಿಟ್ಟೆ, ನಂತರ ಹತ್ತಿರದ್ದು. ಮದುವೆಗಳಲ್ಲಿ ಬಾಗಿಲ ಹತ್ತಿರದ ಕುರ್ಚಿ ಹುಡುಕುತ್ತಿದ್ದವನು ಆಮೇಲೆ ಮದುವೆಗೇ ಹೋಗಲಿಲ್ಲ. ಜೇಬಿನಲ್ಲಿ ಮಾತ್ರೆಯ ಪಟ್ಟಿ, ಕೈಯಲ್ಲಿ ನೀರಿನ ಬಾಟಲಿ ಇಲ್ಲದೆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಹೋಗದೆ ಉಳಿದಾಗ ಆ ಕ್ಷಣಕ್ಕೆ ಸಿಗುವ ನಿರಾಳವೇ ಮುಂದಿನ ಸಲದ ಭಯಕ್ಕೆ ಬಡ್ಡಿ ಸೇರಿಸುತ್ತದೆ. ಬಡ್ಡಿಯ ಲೆಕ್ಕ ಬಲ್ಲ ನನಗೆ ಇದನ್ನು ಧಾರವಾಡದಲ್ಲಿ ಒಬ್ಬರು ಹೇಳಿಕೊಡಬೇಕಾಯಿತು.

ಧಾರವಾಡ ಎಂದೆ. ನಮ್ಮ ಕಡೆ ಯಾರಾದರೂ ಸ್ವಲ್ಪ ಅಡ್ಡಾದಿಡ್ಡಿ ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸಬೇಕು’ ಎನ್ನುತ್ತೇವೆ. ಅಂಗಡಿಯ ಹುಡುಗರಿಗೆ ನಾನೇ ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ. ಬ್ರಿಟಿಷರ ಕಾಲದಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದ ಆ ಸಂಸ್ಥೆ ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಬಾಯಿಮಾತಿನಲ್ಲಿ ಡಿಮ್ಹಾನ್ಸ್. ಹೆಸರು ಬದಲಾದರೂ ನಮ್ಮ ನಾಲಿಗೆ ಬದಲಾಗಿಲ್ಲ. ಅಲ್ಲಿಗೆ ಹೋಗಲು ನನಗೆ ಹೇಳಿದವರು ವೈದ್ಯರಲ್ಲ, ರೋಣದ ಕಡೆಯ ಒಬ್ಬ ರೈತರು. ಪಟ್ಟಿಗಾಗಿ ಕಾಯುತ್ತ ಎದುರಿಗೆ ಕುಳಿತಿದ್ದ ಅವರು ನಾನು ಎದೆ ಒತ್ತಿಕೊಳ್ಳುವುದನ್ನು ನೋಡಿ, ತಮ್ಮ ತಮ್ಮನಿಗೂ ಹೀಗೇ ಆಗುತ್ತಿತ್ತೆಂದೂ, ಧಾರವಾಡಕ್ಕೆ ಹೋಗಿ ಈಗ ಅವನು ಟ್ರ್ಯಾಕ್ಟರ್ ಹೊಡೆಯುತ್ತಿದ್ದಾನೆಂದೂ ದನಿ ತಗ್ಗಿಸಿ ಹೇಳಿದರು. ಅವರು ದನಿ ತಗ್ಗಿಸಿದ್ದನ್ನೂ, ನಾನು ಸುತ್ತ ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿದ್ದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ಆ ವಾರವೇ ಬ್ಯಾಡಗಿಯಿಂದ ರೈಲು ಹತ್ತಿದೆವು. ಮನೆಯಲ್ಲಿ ಹೇಳಿದ್ದು, ಹುಬ್ಬಳ್ಳಿಗೆ ಬಟ್ಟೆ ತರಲು ಹೋಗುತ್ತೇವೆಂದು.

ಹೊರರೋಗಿಗಳ ಸಾಲಿನಲ್ಲಿ ನನ್ನ ಕಲ್ಪನೆಯ ಹುಚ್ಚರು ಯಾರೂ ಕಾಣಲಿಲ್ಲ. ಶಾಲೆಯ ಮಾಸ್ತರರಂತೆ ಕಂಡವರೊಬ್ಬರು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಿ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹಿಡಿದ ಹುಡುಗ, ನನ್ನಂತೆಯೇ ನೀರಿನ ಬಾಟಲಿ ಹಿಡಿದ ನಾಲ್ಕೈದು ಜನ. ವೈದ್ಯರು ಎಲ್ಲ ವರದಿಗಳನ್ನು ನೋಡಿದರು, ಅರ್ಧ ತಾಸು ಕೇಳಿದರು. ಆಮೇಲೆ ಹೇಳಿದ್ದು ಸರಳವಾಗಿತ್ತು. ಅಪಾಯ ಬಂದಾಗ ಓಡಲು ಇಲ್ಲವೇ ಹೊಡೆದಾಡಲು ದೇಹವನ್ನು ಸಜ್ಜುಗೊಳಿಸುವ ವ್ಯವಸ್ಥೆಯೊಂದು ಎಲ್ಲರಲ್ಲಿಯೂ ಇದೆ. ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ಬೇಗವಾಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮುಗುಟ್ಟುತ್ತವೆ, ತಲೆ ಹಗುರಾಗುತ್ತದೆ. ನನ್ನಲ್ಲಿ ಈ ವ್ಯವಸ್ಥೆ ಬೆಂಕಿಯಿಲ್ಲದಾಗಲೂ ಗಂಟೆ ಬಾರಿಸುತ್ತಿತ್ತು, ಆ ಗಂಟೆಯ ಸದ್ದನ್ನೇ ನಾನು ಬೆಂಕಿ ಎಂದುಕೊಳ್ಳುತ್ತಿದ್ದೆ. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಎಂದು ಹೆಸರು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ಬಸ್ಸಿನ ಆ ಮಧ್ಯಾಹ್ನ ನನ್ನನ್ನು ಗುಣಪಡಿಸಿದ್ದು ಸೋಡಾ ಅಲ್ಲ ಎಂದಾಯಿತು.

ಮಾತಿನ ಚಿಕಿತ್ಸೆ ಎಂದರೆ ಬುದ್ಧಿ ಹೇಳುವುದು ಎಂದು ನಾನು ತಿಳಿದಿದ್ದೆ. ಅಲ್ಲಿಯ ಮನಶ್ಶಾಸ್ತ್ರಜ್ಞೆ ಬುದ್ಧಿ ಹೇಳಲಿಲ್ಲ, ನನ್ನ ಕಸುಬು ಕೇಳಿ ನಕ್ಕು, ಹಾಗಾದರೆ ಒಂದು ಕಿರ್ದಿ ಬರೆಯಿರಿ ಎಂದರು. ಪುಟದಲ್ಲಿ ಐದು ಅಂಕಣ: ದಿನ ಮತ್ತು ವೇಳೆ, ಎಲ್ಲಿದ್ದೆ, ಮನಸ್ಸಿಗೆ ಬಂದ ಮಾತು ಯಾವುದು, ಆ ಮಾತನ್ನು ನೂರಕ್ಕೆ ಎಷ್ಟು ನಂಬಿದೆ, ಕೊನೆಗೆ ನಿಜವಾಗಿ ಆದದ್ದೇನು. ಆರು ವಾರಗಳಲ್ಲಿ ‘ಈಗ ಸಾಯುತ್ತೇನೆ’ ಎಂಬ ಮಾತು 31 ಸಲ ಬಂದಿತ್ತು. ಕೊನೆಯ ಅಂಕಣದಲ್ಲಿ 31 ಕಡೆಯೂ ‘ಇಳಿಯಿತು, ಕೆಲಸಕ್ಕೆ ಕುಳಿತೆ’, ‘ಇಳಿಯಿತು, ಊಟ ಮಾಡಿದೆ’ ಎಂದೇ ಇತ್ತು. ಯಾವ ವ್ಯಾಪಾರಿಯಾದರೂ 31 ಸಲ ಹೇಳಿದ ದರ ಒಮ್ಮೆಯೂ ನಿಜವಾಗದಿದ್ದರೆ ಅವನ ಅಂಗಡಿಯ ಮೆಟ್ಟಿಲು ಹತ್ತುತ್ತೀರಾ ಎಂದು ಅವರು ಕೇಳಿದರು. ನಾನು ಆ ಪುಟಗಳನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ನನ್ನ ಅಕ್ಷರದಲ್ಲೇ ಬರೆದ ಲೆಕ್ಕವನ್ನು ನಾನು ತಳ್ಳಿಹಾಕುವಂತಿರಲಿಲ್ಲ.

ಇನ್ನೊಂದು ದಿನ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ನಿಮಿಷ ಬೇಕೆಂದೇ ಬೇಗ ಬೇಗ ಉಸಿರಾಡಿ ಎಂದರು. ಅರ್ಧ ನಿಮಿಷಕ್ಕೇ ಬೆರಳು ಜುಮುಗುಟ್ಟಿದವು, ತುಟಿ ಮರಗಟ್ಟಿತು, ಗೋಡೆ ದೂರ ಸರಿಯಿತು. ಮೋಟೆಬೆನ್ನೂರಿನ ಬಸ್ಸಿನಲ್ಲಿ ಆದದ್ದೆಲ್ಲ ಧಾರವಾಡದ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ನಾನೇ ಉಸಿರಾಡಿ ಬರಿಸಿಕೊಂಡೆ. ಉಸಿರು ನಿಧಾನವಾದ ಮೇಲೆ ತಾನಾಗಿ ಹೋಯಿತು. ಎಂಟು ತಿಂಗಳ ಸಮಾಧಾನದ ಮಾತುಗಳು ಮಾಡದ ಕೆಲಸವನ್ನು ಆ ಒಂದು ನಿಮಿಷ ಮಾಡಿತು. ಇದನ್ನು ಓದಿ ಯಾರೂ ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬಾರದು. ಹೃದಯ, ಶ್ವಾಸಕೋಶ ಸರಿಯಿವೆ ಎಂದು ಖಚಿತವಾದ ಮೇಲೆ, ಬಲ್ಲವರು ಎದುರಿಗಿದ್ದು ಮಾಡಿಸಿದ್ದು ಅದು.

ಆಮೇಲೆ ಬಸ್ಸು. ಮೊದಲು ಹೆಂಡತಿಯೊಂದಿಗೆ ಮೋಟೆಬೆನ್ನೂರಿನವರೆಗೆ, ನಂತರ ಒಬ್ಬನೇ, ಬಾಗಿಲ ಹತ್ತಿರದ ಸೀಟು ಬಿಟ್ಟು ನಡುವಿನ ಸೀಟಿನಲ್ಲಿ, ಬಾಟಲಿ ಇಲ್ಲದೆ, ಹಾವೇರಿಯವರೆಗೆ, ಕಡೆಗೆ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಧಾರವಾಡಕ್ಕೆ. ಭಯ ಏರಿದಾಗ ಇಳಿದು ಓಡಬಾರದು, ಅದು ತಾನಾಗಿ ಇಳಿಯುವವರೆಗೆ ಇರಬೇಕು ಎಂಬುದೊಂದೇ ನಿಯಮ. ಎರಡು ಸಲ ನಿಯಮ ಮುರಿದು ನಡುದಾರಿಯಲ್ಲಿ ಇಳಿದಿದ್ದೇನೆ. ಅದನ್ನೂ ಕಿರ್ದಿಯಲ್ಲಿ ಬರೆದೆ.

ಔಷಧದ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆ ಇದೆ, ನನಗೆ ಎರಡೂ ಇದ್ದವು. ಡಿಮ್ಹಾನ್ಸ್‌ನಲ್ಲಿ ನನಗೆ ಬರೆದುಕೊಟ್ಟದ್ದು ಎಸ್ಸಿಟಾಲೋಪ್ರಾಮ್ ಎಂಬ, ಖಿನ್ನತೆಗೂ ಆತಂಕಕ್ಕೂ ಕೊಡುವ ಮಾತ್ರೆ. ಅದು ನುಂಗಿದ ದಿನವೇ ಕೆಲಸ ಮಾಡುವುದಿಲ್ಲ. ಎರಡರಿಂದ ಆರು ವಾರ ಬೇಕು, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಿದಂತಾಗಿ ಆತಂಕ ತುಸು ಹೆಚ್ಚಿದಂತೆಯೂ ಅನ್ನಿಸಬಹುದು, ಗುಣ ಕಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಿ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು ಎಂದು ಮೊದಲೇ ಹೇಳಿದ್ದರಿಂದ ನಾನು ಮೂರನೆಯ ದಿನಕ್ಕೆ ಬಿಸಾಡಲಿಲ್ಲ. ಈ ಮಾತ್ರೆಗೆ ಚಟ ಹತ್ತುತ್ತದೆ ಎಂದು ಹೆದರುತ್ತಿದ್ದ ನಾನೇ, ನಿಜವಾಗಿ ಚಟ ಹತ್ತಿಸುವ ಇನ್ನೊಂದನ್ನು ಅದಕ್ಕೂ ಮೊದಲು ನಾಲ್ಕು ತಿಂಗಳು ನುಂಗಿದ್ದೆ. ಪರಿಚಯದ ಔಷಧದ ಅಂಗಡಿಯೊಂದರಲ್ಲಿ, ನಿದ್ದೆಗೆಂದು ಕೇಳಿದ್ದಕ್ಕೆ, ಚೀಟಿ ಇಲ್ಲದೆಯೇ ಅಲ್ಪ್ರಜೋಲಮ್ ಕತ್ತರಿಸಿ ಕೊಡುತ್ತಿದ್ದರು. ಅದು ಅರ್ಧ ತಾಸು, ಒಂದು ತಾಸಿನಲ್ಲಿ ಎದೆಯ ಬಿಗಿತ ಸಡಿಲಿಸುತ್ತದೆ. ಅದೇ ಅದರ ಮೋಸ. ಅರ್ಧ ಮಾತ್ರೆ ಒಂದಾಗಿ, ಒಂದು ಎರಡಾಗಿ, ಒಂದು ರಾತ್ರಿ ತಪ್ಪಿದರೆ ಮೊದಲಿಗಿಂತ ಹೆಚ್ಚು ನಡುಕ ಬರುವಂತಾಗಿತ್ತು. ಈ ಮಾತ್ರೆ ಎಚ್1 ಪಟ್ಟಿಯಲ್ಲಿದೆ; ವೈದ್ಯರ ಚೀಟಿ ಇಲ್ಲದೆ ಮಾರಬಾರದು, ಮಾರಿದ್ದನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು ಎಂದು ನಿಯಮವಿದೆ. ನನ್ನ ಹೆಸರು ಯಾವ ವಹಿಯಲ್ಲೂ ಇಲ್ಲ. ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯವೆಂದು, ವೈದ್ಯರು ಎರಡು ತಿಂಗಳು ಹಿಡಿದು ಕಾಲುಭಾಗ, ಕಾಲುಭಾಗವಾಗಿ ಬಿಡಿಸಿದರು. ನನ್ನಿಡೀ ಚಿಕಿತ್ಸೆಯಲ್ಲಿ ಕಷ್ಟವಾದದ್ದು ಇದೊಂದೇ.

ಇಷ್ಟಾದ ಮೇಲೆಯೇ ಜೀವನಶೈಲಿ ನನ್ನ ಕೈಗೆ ಬಂತು. ದಲಾಲಿ ಅಂಗಡಿಯಲ್ಲಿ ಬಂದವರಿಗೆಲ್ಲ ಚಹಾ, ಬಂದವರೊಂದಿಗೆಲ್ಲ ನಮಗೂ ಚಹಾ. ಎಣಿಸಿ ನೋಡಿದರೆ ಮಾರುಕಟ್ಟೆಯ ದಿನ ಹನ್ನೊಂದು ಕಪ್ ಆಗುತ್ತಿತ್ತು, ಕೊನೆಯದು ರಾತ್ರಿ ಹನ್ನೊಂದಕ್ಕೆ. ಚಹಾದಲ್ಲಿರುವ ಕೆಫೀನ್ ಅರ್ಧದಷ್ಟು ಇಳಿಯಲೇ ಸುಮಾರು ಐದು ತಾಸು ಬೇಕಂತೆ; ಎದೆಬಡಿತಕ್ಕೆ ಹೆದರುವವನು ಎದೆಬಡಿತ ಏರಿಸುವುದನ್ನೇ ಹನ್ನೊಂದು ಸಲ ಕುಡಿಯುತ್ತಿದ್ದೆ. ಈಗ ಎರಡು ಕಪ್, ಎರಡೂ ಮಧ್ಯಾಹ್ನದೊಳಗೆ. ಮೂರನೆಯದು ಬೇಡವೆಂದರೆ ಇಂದಿಗೂ ಕೆಲವು ವ್ಯಾಪಾರಿಗಳು ಮುನಿಸಿಕೊಳ್ಳುತ್ತಾರೆ. ನಡಿಗೆ ಮತ್ತೆ ಶುರುವಾಯಿತು, ಈ ಸಲ ಮಣಿಕಟ್ಟಿನ ಮೇಲೆ ಬೆರಳಿಲ್ಲ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾನು ಮತ್ತು ಪಕ್ಕದ ಅಂಗಡಿಯ ಗುಮಾಸ್ತರು ಮಾರುಕಟ್ಟೆ ಇಲ್ಲದ ಐದು ದಿನ ಅರ್ಧರ್ಧ ತಾಸು ನಡೆಯುತ್ತೇವೆ. ಹಿಂದೆ ಸಾವಿನ ಗುರುತಾಗಿದ್ದ ಎದೆಬಡಿತ ಈಗ ಏರು ದಾರಿಯ ಗುರುತು. ಉಸಿರಾಟದ ಅಭ್ಯಾಸವೂ ಇದೆ, ಆದರೆ ಭಯವನ್ನು ಓಡಿಸುವ ಮಂತ್ರವಾಗಿ ಅಲ್ಲ. ರಾತ್ರಿ ದರದ ವಾಟ್ಸ್‌ಆ್ಯಪ್ ಗುಂಪುಗಳನ್ನು ಒಂಬತ್ತಕ್ಕೆ ಮುಚ್ಚುತ್ತೇನೆ. ಆಂಧ್ರದ ಗುಂಟೂರು ಮಾರುಕಟ್ಟೆಯ ದರ ನನಗಾಗಿ ಬೆಳಗಿನವರೆಗೆ ಕಾಯುತ್ತದೆ. ಸುಗ್ಗಿಯ ರಾತ್ರಿಗಳನ್ನು ಬದಲಿಸಲು ಆಗಿಲ್ಲ. ಹೊಟ್ಟೆಪಾಡು ಅದು. ಮರುದಿನ ತಡವಾಗಿ ಬರಲು ಸಾವುಕಾರರು ಒಪ್ಪಿದ್ದಾರೆ, ಕಾರಣ ಮಾತ್ರ ಬಿಪಿ ಎಂದು ಹೇಳಿದ್ದೇನೆ.

ನನ್ನದು ಒಬ್ಬನ ಕಥೆಯಲ್ಲ ಎಂಬುದಕ್ಕೆ ಆಧಾರವಿದೆ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ತೊಂದರೆ ಇರುವವರಲ್ಲಿ ನೂರಕ್ಕೆ ಸುಮಾರು 85 ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ವ್ಯವಸ್ಥೆಯೇ ಇಲ್ಲವೆಂದೂ ಹೇಳುವಂತಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ಏರ್ಪಾಡಿದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡ ಎನ್ನಿಸುವ ರಾತ್ರಿಗಳಿಗಂತೂ ಆ ಸಂಖ್ಯೆ ಪ್ರತಿ ಮನೆಯ ಗೋಡೆಯ ಮೇಲಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ವಿಷಯ ಗುಟ್ಟಾಗಿ ಉಳಿಯಬೇಕೆನ್ನುತ್ತದೆ, ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆನ್ನುತ್ತದೆ. ಇವುಗಳಲ್ಲಿ ಒಂದೂ 2024ರಲ್ಲಿ ನನಗೆ ಗೊತ್ತಿರಲಿಲ್ಲ. ದಿನಕ್ಕೆ ಎರಡು ಪತ್ರಿಕೆ ಓದುವವನು ನಾನು.

ಆದ್ದರಿಂದ ಸಂಪಾದಕರಲ್ಲಿ ನನ್ನ ಬೇಡಿಕೆ ಚಿಕ್ಕದು. ತಮ್ಮ ಪತ್ರಿಕೆ ಮಾರುಕಟ್ಟೆಯ ದಿನಗಳಂದು ಬ್ಯಾಡಗಿಯ ಆವಕ ಮತ್ತು ದರವನ್ನು ಪ್ರಕಟಿಸುತ್ತದೆ. ಹಾವೇರಿ, ಗದಗ, ಧಾರವಾಡ ಜಿಲ್ಲೆಗಳಲ್ಲಿ ಪತ್ರಿಕೆಯ ಬೇರೆ ಯಾವ ಪುಟ ಓದದವರೂ ಆ ಅಂಕಣವನ್ನು ಓದುತ್ತಾರೆ. ಓದಲು ಬಾರದವರು ಓದಿಸಿಕೊಂಡು ಕೇಳುತ್ತಾರೆ. ಡಬ್ಬಿ, ಕಡ್ಡಿ, ಗುಂಟೂರು ತಳಿಗಳ ದರದ ಪಕ್ಕದಲ್ಲೇ ಒಂದು ಸಾಲು ಸೇರಿಸಲು ಸಾಧ್ಯವೇ? 14416 ಎಂಬ ಸಂಖ್ಯೆ, ಮತ್ತು ನಮ್ಮ ಮೂರು ಜಿಲ್ಲೆಗಳ ಯಾವ ಆಸ್ಪತ್ರೆಯಲ್ಲಿ ಯಾವ ದಿನ ಮನೋವೈದ್ಯರು ಸಿಗುತ್ತಾರೆ ಎಂಬ ವಿವರ, ಅಷ್ಟೇ. ಜಿಲ್ಲಾ ಆರೋಗ್ಯ ಇಲಾಖೆಯಿಂದ ಈ ಮಾಹಿತಿ ಪಡೆಯುವುದು ಪತ್ರಿಕೆಗೆ ಕಷ್ಟವಲ್ಲ. ರೋಣದ ಆ ರೈತರು ದನಿ ತಗ್ಗಿಸಿ ಹೇಳಿದ್ದನ್ನು ಪತ್ರಿಕೆ ದರದ ಪಟ್ಟಿಯಷ್ಟೇ ಸಹಜವಾಗಿ ಹೇಳಿದರೆ ಸಾಕು. ಆರೋಗ್ಯ ಪುರವಣಿಯವರು ಮುಂದೆ ಆತಂಕದ ಬಗ್ಗೆ ಬರೆಸುವಾಗ ವೈದ್ಯರ ಸಾಲನ್ನು ಮೇಲಕ್ಕೆ ತರಲಿ ಎಂಬುದು ಎರಡನೆಯ ವಿನಂತಿ.

ಕೊನೆಗೆ ಒಂದು ಮಾತು. ಪತ್ರ ಪ್ರಕಟಿಸುವುದಾದರೆ ದಯವಿಟ್ಟು ನನ್ನ ಹೆಸರು ಮತ್ತು ಅಂಗಡಿಯ ಹೆಸರನ್ನು ಬಿಡಬೇಕು. ಇಷ್ಟೆಲ್ಲ ಬರೆದು ಹೆಸರು ಹಾಕಲು ಹಿಂಜರಿಯುವುದು ಸರಿಯಲ್ಲ ಎಂದು ನನಗೂ ಅನ್ನಿಸಿತು, ಎರಡು ದಿನ ಪತ್ರವನ್ನು ಕಳಿಸದೆ ಇಟ್ಟುಕೊಂಡಿದ್ದೆ. ಆದರೆ ಈ ವರ್ಷ ಮಗಳಿಗೆ ವರ ನೋಡುತ್ತಿದ್ದೇವೆ. ಮುಂದಿನ ಭಾನುವಾರ ರಾಣೆಬೆನ್ನೂರಿನಿಂದ ಒಬ್ಬರು ಬರುವವರಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಬ್ಯಾಡಗಿಯ ಒಬ್ಬ ಗುಮಾಸ್ತ